ಯಾವ ಬೇಜಾರು?

ಕಾಲೇಜಿಗೆ ಸೇರಿದ ಹೊಸತರಲ್ಲಿ ನನಗೆ ಕೊಟ್ಟ ಕೋಣೆ ಪ್ರಾಂಶುಪಾಲರ ಕೊಠಡಿಯ ಎದುರಿಗಿತ್ತು. ಹೊಸ ಬಣ್ಣ, ಹೊಸ ಫ್ಯಾನು, ಬಾಗಿಲ ಮೇಲೆ ದಪ್ಪ ಅಕ್ಷರದಲ್ಲಿ ‘ಆಪ್ತ ಸಮಾಲೋಚನಾ ಕೇಂದ್ರ’. ಟೇಪು ಕತ್ತರಿಸಿ ಜಾಮೂನು ಹಂಚಿದ್ದೂ ಆಯಿತು. ಆಮೇಲಿನ ಎರಡು ತಿಂಗಳಲ್ಲಿ ಅಲ್ಲಿಗೆ ತಾನಾಗಿ ಬಂದ ವಿದ್ಯಾರ್ಥಿ ಒಬ್ಬನೇ. ಅವನೂ ಬೋನಫೈಡ್ ಸರ್ಟಿಫಿಕೇಟ್ ಎಲ್ಲಿ ಕೊಡ್ತಾರೆ ಎಂದು ಕೇಳಲು ಬಂದವನು. ಮೂರನೇ ತಿಂಗಳು ರಿಪೇರಿಯ ನೆಪದಲ್ಲಿ ನನ್ನನ್ನು ಗ್ರಂಥಾಲಯದ ಹಿಂದೆ, ಜೆರಾಕ್ಸ್ ಅಂಗಡಿಯ ಪಕ್ಕದ ಹಳೇ ಸ್ಟೋರ್ ರೂಮಿಗೆ ಎತ್ತಂಗಡಿ ಮಾಡಿದರು. ಬೋರ್ಡು ಅಲ್ಲಿಗೆ ಬರಲಿಲ್ಲ. ಮಕ್ಕಳು ಬರತೊಡಗಿದರು. ಜೆರಾಕ್ಸ್‌ಗೆ ಹೊರಟವರ ಹಾಗೆ ಬಂದು, ಒಮ್ಮೆ ಅತ್ತಿತ್ತ ನೋಡಿ, ಸರಕ್ಕನೆ ಒಳಗೆ ನುಗ್ಗುತ್ತಿದ್ದರು. ನನ್ನ ಕೆಲಸದ ಅರ್ಧ ಪಾಲು ಬಾಗಿಲು ಎಲ್ಲಿದೆ ಅನ್ನುವುದರಲ್ಲೇ ತೀರ್ಮಾನವಾಗುತ್ತದೆ ಎಂದು ಆಗ ಗೊತ್ತಾಯಿತು.

ಮಧ್ಯ ಕರ್ನಾಟಕದ ಒಂದು ಜಿಲ್ಲಾ ಕೇಂದ್ರದ ಕಾಲೇಜು ನಮ್ಮದು. ಒಂದೇ ಆವರಣದಲ್ಲಿ ಪಿಯುಸಿಯೂ ಇದೆ, ಪದವಿಯೂ ಇದೆ. ಬೆಳಗಿನ ಬಸ್ಸಿಗೆ ಹಳ್ಳಿಯಿಂದ ಬರುವವರು, ಬಿಸಿಎಂ ಹಾಸ್ಟೆಲಿನವರು, ಪಿಜಿಯವರು, ಊರಲ್ಲೇ ಮನೆಯಿರುವವರು ಎಲ್ಲ ಸೇರಿದರೆ ಮೂರು ಸಾವಿರದ ಹತ್ತಿರ. ಅಷ್ಟೂ ಜನಕ್ಕೆ ನಾನೊಬ್ಬಳು. ಎಲ್ಲರೂ ‘ಕೌನ್ಸೆಲಿಂಗ್ ಮೇಡಂ’ ಅನ್ನುತ್ತಾರೆ. ಸಿಇಟಿ ಕೌನ್ಸೆಲಿಂಗ್‌ಗೂ ನನಗೂ ಏನೋ ಸಂಬಂಧವಿದೆ ಎಂದುಕೊಂಡು ಪ್ರತಿ ವರ್ಷ ಒಂದಷ್ಟು ತಂದೆಯರು ರ‍್ಯಾಂಕ್ ಚೀಟಿ ಹಿಡಿದು ಬರುತ್ತಾರೆ. ಅವರಿಗೂ ಕುರ್ಚಿ ಕೊಟ್ಟು ನೀರು ಕೊಡುತ್ತೇನೆ. ಎಷ್ಟೋ ಸಲ ಮಾತು ಸೀಟಿನಿಂದ ಶುರುವಾಗಿ ಮಗನ ಮೌನಕ್ಕೆ ಬಂದು ನಿಲ್ಲುತ್ತದೆ.

ನಮ್ಮ ಕೆಲಸಕ್ಕೆ ಕನ್ನಡದಲ್ಲಿ ಎರಡು ಹೆಸರಿವೆ: ಆಪ್ತ ಸಲಹೆ, ಆಪ್ತ ಸಮಾಲೋಚನೆ. ಮೊದಲನೆಯದು ನನಗೆ ಒಗ್ಗುವುದಿಲ್ಲ. ಸಲಹೆ ಕೊಡುವವರಿಗೆ ಈ ನಾಡಿನಲ್ಲಿ ಎಂದೂ ಬರ ಬಂದಿಲ್ಲ. ಹದಿನೆಂಟರ ಹುಡುಗನಿಗೆ ಅತ್ತೆ, ಮಾವ, ಟ್ಯೂಷನ್ ಮೇಷ್ಟ್ರು, ಬಸ್ಸಿನಲ್ಲಿ ಪಕ್ಕ ಕೂತವರು ಎಲ್ಲರೂ ಕೊಟ್ಟಿರುತ್ತಾರೆ. ಸಮಾಲೋಚನೆ ಅಂದರೆ ಕೂಡಿ ಯೋಚಿಸುವುದು. ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1942ರಲ್ಲಿ ಬರೆದ ಪುಸ್ತಕದಲ್ಲಿ, ಎದುರಿಗೆ ಕೂತವರನ್ನು ರೋಗಿ ಎನ್ನದೆ ‘ಕ್ಲೈಂಟ್’ ಎಂದು ಕರೆದ. ದಾರಿ ಗೊತ್ತಿರುವುದು ಬಂದವರಿಗೇ, ಅದನ್ನು ಅವರು ಕಾಣುವಷ್ಟು ಹೊತ್ತು ಜೊತೆಗಿರುವುದೇ ಕೆಲಸ ಎಂಬುದು ಅವನ ವಾದ. ‘ಆಪ್ತ’ ಅನ್ನುವ ನಮ್ಮ ಪದ ಅದನ್ನು ಇನ್ನೂ ಚೆನ್ನಾಗಿ ಹೇಳುತ್ತದೆ.

ಈ ಬರಹದಲ್ಲಿ ಬರುವ ಮಕ್ಕಳು ಯಾರೂ ಒಬ್ಬರಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಇಬ್ಬರು ಮೂವರನ್ನು ಸೇರಿಸಿ ಒಬ್ಬರನ್ನಾಗಿ ಮಾಡಿದ್ದೇನೆ. ಊರು, ವಿಷಯ, ವರ್ಷ ಎಲ್ಲ ಬದಲಿಸಿದ್ದೇನೆ. ಓದಿ ‘ಇದು ನಾನೇ’ ಅನ್ನಿಸಿದರೆ, ನಿಮ್ಮಂತೆ ಇನ್ನೂ ಹಲವರಿದ್ದಾರೆ ಎಂದು ತಿಳಿಯಿರಿ.

ಒಳಗೆ ಬಂದು ಕೂತವರ ಮೊದಲ ಮಾತು ಬಹುಪಾಲು ಒಂದೇ: ‘ಬೇಜಾರು ಮೇಡಂ.’ ಕನ್ನಡದಲ್ಲಿ ಇಷ್ಟು ದುಡಿಯುವ ಪದ ಇನ್ನೊಂದಿದೆಯೋ ಇಲ್ಲವೋ. ಪಾಠ ಹಿಡಿಸದಿದ್ದರೂ ಬೇಜಾರು, ಗೆಳತಿ ಮಾತು ಬಿಟ್ಟರೂ ಬೇಜಾರು, ಅಪ್ಪ ತೀರಿಕೊಂಡರೂ ಬೇಜಾರು. ‘ಬೇಜಾರು ಮಾಡ್ಕೋಬೇಡಿ’ ಅಂದರೆ ಕ್ಷಮೆ ಕೇಳಿದಂತೆ. ಭಾನುವಾರ ಮಧ್ಯಾಹ್ನ ಮಾಡಲು ಏನೂ ಕೆಲಸವಿಲ್ಲದವನೂ, ಬದುಕೇ ಬೇಡ ಅನ್ನಿಸಿದವನೂ ಬಳಸುವುದು ಅದೇ ಮೂರಕ್ಷರ. ಹಾಗಾಗಿ ನನ್ನ ಮೊದಲ ಪ್ರಶ್ನೆಯೂ ಯಾವಾಗಲೂ ಒಂದೇ. ಯಾವ ಬೇಜಾರು? ಬೆಳಿಗ್ಗೆ ಎದ್ದ ಕೂಡಲೇ ಇರುತ್ತಾ, ಸಂಜೆ ಬರುತ್ತಾ? ಊಟ ಸೇರುತ್ತಾ? ನಿದ್ದೆ? ಮೊದಲು ಇಷ್ಟಪಟ್ಟು ಮಾಡ್ತಿದ್ದದ್ದು ಈಗಲೂ ಬೇಕು ಅನ್ಸುತ್ತಾ? ಎಷ್ಟು ದಿನದಿಂದ ಹೀಗೆ? ಈ ಕೊನೆಯ ಪ್ರಶ್ನೆ ಮುಖ್ಯ. ಹೆಚ್ಚೂಕಡಿಮೆ ದಿನವಿಡೀ, ದಿನಾಲೂ, ಎರಡು ವಾರ ಬಿಡದೆ ಇದ್ದರೆ ಅದನ್ನು ಖಿನ್ನತೆ ಇರಬಹುದೇ ಎಂಬ ಕಣ್ಣಿನಿಂದ ನೋಡಬೇಕು. ಅದಕ್ಕೆ ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಹಾಳೆ ಇದೆ. ಒಂದೊಂದಕ್ಕೆ ಸೊನ್ನೆಯಿಂದ ಮೂರು ಅಂಕ, ಒಟ್ಟು 27. ಹತ್ತು ದಾಟಿದರೆ ನಾನು ಚುರುಕಾಗುತ್ತೇನೆ. ಆದರೆ ಆ ಹಾಳೆ ತೀರ್ಪಲ್ಲ, ಜ್ವರ ನೋಡುವ ಥರ್ಮಾಮೀಟರಿದ್ದಂತೆ. ಯಾವ ಜ್ವರ ಎಂದು ಅದು ಹೇಳುವುದಿಲ್ಲ.

ಬೇಜಾರು ಅನ್ನದವರು ಮೈಯ ಭಾಷೆಯಲ್ಲಿ ಹೇಳುತ್ತಾರೆ. ತಲೆ ಭಾರ, ಎದೆ ಹಿಡಿದಂಗೆ, ಕೈಕಾಲು ಜೋಮು, ಹೊಟ್ಟೆಯಲ್ಲಿ ಏನೋ ತಿರುವಿದಂಗೆ. ಒಬ್ಬ ಹುಡುಗ ಇಂಟರ್ನಲ್ಸ್ ಹೊತ್ತಿಗೆ ಎದೆ ಡವಗುಟ್ಟಿ ಬೆವತು ಮೂರು ಸಲ ಇಸಿಜಿ ಮಾಡಿಸಿಕೊಂಡಿದ್ದ. ಮೂರೂ ಸರಿಯಾಗಿದ್ದವು. ‘ಏನೂ ಇಲ್ಲ, ಸುಮ್ನೆ ನಾಟಕ’ ಎಂದು ಮನೆಯಲ್ಲಿ ಅಂದರಂತೆ. ಏನೂ ಇಲ್ಲ ಅನ್ನುವುದು ತಪ್ಪು. ಹೃದಯದಲ್ಲಿ ಏನೂ ಇಲ್ಲ, ಅಷ್ಟೇ. ದಿಗಿಲು ಒಮ್ಮೆಲೇ ಏರಿ ಕೆಲವೇ ನಿಮಿಷದಲ್ಲಿ ತುದಿ ಮುಟ್ಟಿ ತಾನಾಗಿ ಇಳಿಯುತ್ತದೆ, ಅದಕ್ಕೆ ಪ್ಯಾನಿಕ್ ಅಟ್ಯಾಕ್ ಅನ್ನುತ್ತಾರೆ, ಅದು ಸಾಯಿಸುವುದಿಲ್ಲ ಎಂದು ಬಿಡಿಸಿ ಹೇಳಿದಾಗ ಅವನ ಭುಜ ಇಳಿದದ್ದು ನನಗೆ ಕಾಣಿಸಿತು. ಅರ್ಧ ಚಿಕಿತ್ಸೆ ಆ ವಿವರಣೆಯಲ್ಲೇ ಇತ್ತು.

ಇದರ ಇನ್ನೊಂದು ತುದಿಯೂ ಇದೆ. ರೀಲ್ಸ್ ನೋಡಿ ತಾವೇ ರೋಗ ಹೆಸರಿಸಿಕೊಂಡು ಬರುವವರು. ‘ನನಗೆ ಆಂಕ್ಸೈಟಿ ಇದೆ, ಎಡಿಎಚ್‌ಡಿ ಇದೆ, ನಮ್ಮಪ್ಪ ಟಾಕ್ಸಿಕ್.’ ನಗಬಾರದು. ಅವರು ತಂದ ಪದ ತಪ್ಪಿರಬಹುದು, ನೋವು ತಪ್ಪಲ್ಲ. ಅಲ್ಲೂ ಕೇಳುವುದು ಅದನ್ನೇ: ಯಾವ ಆಂಕ್ಸೈಟಿ?

ಹುಡುಗರು ಬರುವುದು ಕಡಿಮೆ. ಬಂದರೂ ‘ಓದೋಕೆ ಕಾನ್ಸಂಟ್ರೇಷನ್ ಬರ್ತಿಲ್ಲ’ ಎಂದೋ, ‘ನನ್ನ ಫ್ರೆಂಡ್‌ಗೆ ಒಂದು ಪ್ರಾಬ್ಲಂ ಇದೆ ಮೇಡಂ’ ಎಂದೋ ಶುರು. ಆ ಫ್ರೆಂಡ್ ಫೀಸಿನ ದುಡ್ಡನ್ನು ಆನ್‌ಲೈನ್ ಆಟದಲ್ಲಿ ಕಳೆದುಕೊಂಡು, ಅದನ್ನು ತುಂಬಲು ಲೋನ್ ಆ್ಯಪಿನಲ್ಲಿ ಸಾಲ ಮಾಡಿರುತ್ತಾನೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕೇಂದ್ರದ ಕಾಯ್ದೆ 2025ರ ಆಗಸ್ಟ್‌ನಲ್ಲಿ ಬಂತು. ಸಾಲ ಮಾತ್ರ ಕಾಯ್ದೆಯ ಜೊತೆ ಹೋಗಲಿಲ್ಲ. ನಾನು ಮೂರನೇ ಭೇಟಿಯವರೆಗೂ ಆ ‘ಫ್ರೆಂಡ್’ ಬಗ್ಗೆಯೇ ಮಾತಾಡುತ್ತೇನೆ. ‘ನಾನೇ ಮೇಡಂ ಅದು’ ಎನ್ನುವುದು ಅವನ ಬಾಯಿಂದಲೇ ಬರಬೇಕು.

ಬಸ್‌ಸ್ಟ್ಯಾಂಡಿನ ಫ್ಲೆಕ್ಸು

ಒಬ್ಬಳ ಕಥೆ ಸ್ವಲ್ಪ ಬಿಡಿಸಿ ಹೇಳಬೇಕು. ಹಳ್ಳಿಯ ಸರ್ಕಾರಿ ಪ್ರೌಢಶಾಲೆ, ಕನ್ನಡ ಮಾಧ್ಯಮ, ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ ಆರುನೂರರ ಮೇಲೆ. ಊರಿನವರು ಹೆಮ್ಮೆಯಿಂದ ಬಸ್‌ಸ್ಟ್ಯಾಂಡಿನಲ್ಲಿ ಅವಳ ಫೋಟೋ ಹಾಕಿ ಫ್ಲೆಕ್ಸು ಕಟ್ಟಿಸಿದರು. ‘ಗ್ರಾಮದ ಹೆಮ್ಮೆಯ ಪುತ್ರಿ’, ಕೆಳಗೆ ಪುಢಾರಿಗಳ ಹತ್ತು ಮುಖ. ಡಾಕ್ಟರಾಗುತ್ತಾಳೆ ಎಂದು ಊರೇ ತೀರ್ಮಾನಿಸಿತು. ಪಿಯುಸಿ ವಿಜ್ಞಾನಕ್ಕೆ ಸೇರಿಸಿದರು. ಇಲ್ಲಿ ಫಿಸಿಕ್ಸು, ಕೆಮಿಸ್ಟ್ರಿ, ಎಲ್ಲ ಇಂಗ್ಲಿಷಿನಲ್ಲಿ. ಮೊದಲ ಟೆಸ್ಟಿನಲ್ಲಿ ನಾಲ್ಕು ವಿಷಯದಲ್ಲಿ ಮೂರು ಫೇಲು.

ಬಂದಾಗ ಹೇಳಿದ್ದು ತಲೆನೋವು. ವಾರಕ್ಕೆ ಮೂರು ದಿನ ಕಾಲೇಜಿಗೆ ಬರುತ್ತಿರಲಿಲ್ಲ. ಉಪನ್ಯಾಸಕರು ಅವಳನ್ನು ‘ಸೋಮಾರಿ’ ಪಟ್ಟಿಗೆ ಹಾಕಿಯಾಗಿತ್ತು. ನಾಲ್ಕು ಭೇಟಿ ಆದ ಮೇಲೆ ಫ್ಲೆಕ್ಸಿನ ಮಾತು ಹೊರಗೆ ಬಂತು. ಬಸ್ಸು ಸಂಜೆ ಊರು ಮುಟ್ಟಿದಾಗ ನಿಲ್ಲುವುದು ಸರಿಯಾಗಿ ಅದರ ಕೆಳಗೆ. ಇಳಿಯುವಾಗ ತಲೆಯೆತ್ತಿದರೆ ತಾನೇ ನಗುತ್ತಿದ್ದಾಳೆ. ಟೀ ಅಂಗಡಿಯವರು ‘ಏನ್ ಡಾಕ್ಟ್ರೇ’ ಅನ್ನುತ್ತಾರೆ. ಅದನ್ನು ತಪ್ಪಿಸಲು ಅವಳು ಹಿಂದಿನ ಸ್ಟಾಪಿನಲ್ಲಿ ಇಳಿದು ಹೊಲದ ಬದುವಿನ ಮೇಲೆ ನಡೆದು ಹೋಗುತ್ತಿದ್ದಳು. ಅದು ಕತ್ತಲಾಗುವ ಹೊತ್ತು, ಅಮ್ಮ ಬೈಯುತ್ತಿದ್ದರು, ಕಾಲೇಜು ತಪ್ಪಿಸುವುದೇ ಸುಲಭ ಅನ್ನಿಸಿತು.

ಇದಕ್ಕೆ ಏನೆಂದು ಹೆಸರಿಡುತ್ತೀರಿ? ಖಿನ್ನತೆಯ ಹಾಳೆಯಲ್ಲಿ ಎಂಟೋ ಒಂಬತ್ತೋ ಅಂಕ ಬಂದಿತ್ತು. ರೋಗ ಅಲ್ಲ, ಆದರೆ ಬಿಟ್ಟರೆ ಆಗಬಹುದಾಗಿತ್ತು. ಅವಳಿಗೆ ಬೇಕಿದ್ದದ್ದು ಇಂಗ್ಲಿಷಿನ ಸೇತುವೆ ಮತ್ತು ನಾಚಿಕೆಯಿಂದ ಬಿಡುಗಡೆ. ಫಿಸಿಕ್ಸ್ ಉಪನ್ಯಾಸಕರೊಬ್ಬರು ಒಳ್ಳೆಯವರು. ವೇಗೋತ್ಕರ್ಷ ಅಂದರೆ ಆ್ಯಕ್ಸಿಲರೇಷನ್, ಸಂವೇಗ ಅಂದರೆ ಮೊಮೆಂಟಮ್ ಎಂದು ಎರಡು ಪುಟದ ಪಟ್ಟಿ ಮಾಡಿಕೊಟ್ಟರು. ಅದನ್ನು ನೋಡಿ ಅವಳು ‘ಅಯ್ಯೋ, ಇದೆಲ್ಲ ನಂಗೊತ್ತು’ ಅಂದಳು. ಗೊತ್ತಿತ್ತು. ಅವಳಿಗೆ ಗೊತ್ತಿದ್ದದ್ದಕ್ಕೆಲ್ಲ ಒಂದೇ ಬೇಸಿಗೆಯಲ್ಲಿ ಬೇರೆ ಹೆಸರಾಗಿತ್ತು. ಅಪ್ಪನನ್ನು ಕರೆಸಿದೆ. ಅವರು ಮೂರನೇ ಕ್ಲಾಸು ಓದಿದವರು, ಎರಡು ನಿಮಿಷದಲ್ಲಿ ಅರ್ಥ ಮಾಡಿಕೊಂಡರು. ಈಗ ದ್ವಿತೀಯ ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆ, ಒಂದರಲ್ಲಿ ಹೋದರೆ ವರ್ಷ ಹೋಗುವುದಿಲ್ಲ ಎಂದು ನಾನು ಹೇಳಿದ್ದಕ್ಕೆ, ‘ವರ್ಷ ಹೋದ್ರೂ ಹೋಗ್ಲಿ ಬಿಡಿ ಮೇಡಂ, ಮಗಳು ಇರ್ಲಿ’ ಅಂದರು. ಪಕ್ಕದಲ್ಲೇ ಕೂತಿದ್ದ ಅವಳು ಆ ಮಾತನ್ನು ಅಪ್ಪನ ಬಾಯಿಂದ ಮೊದಲ ಸಲ ಕೇಳಿದ್ದು. ದೀಪಾವಳಿಯ ಮಳೆಗೆ ಫ್ಲೆಕ್ಸು ಹರಿದುಹೋಯಿತಂತೆ. ‘ಒಳ್ಳೇದಾಯ್ತು’ ಎಂದು ನಗುತ್ತಾ ಬಂದು ಹೇಳಿದಳು.

ಇಂಥ ಕೆಲಸ ಕೋಣೆಯೊಳಗೆ ಕೂತು ಮಾಡುವಂಥದ್ದಲ್ಲ. ಒಮ್ಮೆ ಒಬ್ಬ ಹುಡುಗ ತರಗತಿಗೆ ಬರುವುದನ್ನೇ ಬಿಟ್ಟಿದ್ದ. ಕಾರಣ ಹುಡುಕಿದರೆ, ಪರಿಶಿಷ್ಟ ಜಾತಿಯ ಸ್ಕಾಲರ್‌ಶಿಪ್ ಪಟ್ಟಿಯನ್ನು ಆಫೀಸಿನವರು ತುಂಬಿದ ಕ್ಲಾಸಿನಲ್ಲಿ ನಿಂತು ಗಟ್ಟಿಯಾಗಿ ಓದಿದ್ದರು. ಅಲ್ಲಿಯವರೆಗೆ ಜೊತೆಗೆ ಡಬ್ಬಿ ಹಂಚಿಕೊಳ್ಳುತ್ತಿದ್ದ ಇಬ್ಬರು ಮಾರನೇ ದಿನದಿಂದ ಬೇರೆ ಬೆಂಚಿಗೆ ಹೋದರು. ಅವನಿಗೆ ಉಸಿರಾಟದ ವ್ಯಾಯಾಮ ಹೇಳಿಕೊಟ್ಟು ಕಳಿಸಿದ್ದರೆ ಅದು ಮೋಸ. ಕಾಯಿಲೆ ಅವನಿಗಲ್ಲ ಬಂದಿರುವುದು. ಆ ದಿನ ನಾನು ಮಾಡಿದ ಸಮಾಲೋಚನೆ ಆಫೀಸಿನ ಕಿಟಕಿಯ ಮುಂದೆ. ಈಗ ಪಟ್ಟಿ ಮೊಬೈಲಿಗೆ ಒಬ್ಬೊಬ್ಬರಿಗೇ ಹೋಗುತ್ತದೆ.

ನೇರವಾಗಿ ಕೇಳಬೇಕಾದ ಒಂದು ಪ್ರಶ್ನೆ

ಪಿಎಚ್‌ಕ್ಯೂ ಹಾಳೆಯ ಒಂಬತ್ತನೇ ಪ್ರಶ್ನೆ ಸಾವಿನ ಯೋಚನೆಯ ಕುರಿತದ್ದು. ಸಹೋದ್ಯೋಗಿಗಳು ನನ್ನನ್ನು ಹೆಚ್ಚು ಕೇಳುವುದೂ ಅದರ ಬಗ್ಗೆಯೇ: ‘ಬಾಯಿಬಿಟ್ಟು ಕೇಳಿದ್ರೆ, ಇಲ್ಲದ ಯೋಚನೆ ಹುಟ್ಟಲ್ವಾ?’ ಹುಟ್ಟುವುದಿಲ್ಲ. ಇದರ ಮೇಲೆ ಸಾಕಷ್ಟು ಸಂಶೋಧನೆ ನಡೆದಿದೆ, ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲ ಎಂಬುದೇ ಅವುಗಳ ಸಾರ. ಬಹಳ ಸಲ ಕೇಳಿದ ಕೂಡಲೇ ಎದುರಿಗಿರುವವರ ಉಸಿರು ಸಡಿಲವಾಗುತ್ತದೆ, ಯಾರೋ ಒಬ್ಬರು ಕೊನೆಗೂ ಕೇಳಿದರಲ್ಲ ಎಂದು. ಬಳಸು ಮಾತು ಬೇಡ. ‘ತಪ್ಪು ಯೋಚನೆ ಏನಾದ್ರೂ ಮಾಡ್ತಿದೀಯಾ?’ ಎಂದರೆ ‘ಇಲ್ಲ’ ಎನ್ನುವುದೇ ಉತ್ತರ; ತಪ್ಪು ಎಂದು ನೀವೇ ಹೇಳಿಯಾಗಿದೆ. ‘ಸಾಯಬೇಕು ಅನ್ನಿಸ್ತಿದೆಯಾ?’ ಎಂದು ಮೆಲ್ಲಗೆ, ಕಣ್ಣು ನೋಡಿ ಕೇಳಬೇಕು. ಹೌದು ಅಂದರೆ ಗಾಬರಿ ಬೀಳಬಾರದು, ಬುದ್ಧಿ ಹೇಳಬಾರದು, ಅಪ್ಪ ಅಮ್ಮನ ಕಷ್ಟ ನೆನಪಿಸಬಾರದು. ಒಬ್ಬರನ್ನೇ ಬಿಟ್ಟೂ ಹೋಗಬಾರದು.

ಆಮೇಲೆ ಇಬ್ಬರೂ ಸೇರಿ ಒಂದು ಹಾಳೆ ಬರೆಯುತ್ತೇವೆ. ಸ್ಟ್ಯಾನ್ಲಿ ಮತ್ತು ಬ್ರೌನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ರೂಪಿಸಿದ ಸುರಕ್ಷತಾ ಯೋಜನೆ ಅದು, ಆರು ಮೆಟ್ಟಿಲು. ಯೋಚನೆ ಏರುವ ಮುಂಚೆ ನನಗೆ ಹೇಗೆ ಗೊತ್ತಾಗುತ್ತದೆ? ಆಗ ಒಬ್ಬನೇ ಏನು ಮಾಡಬಲ್ಲೆ? ಯಾರ ಜೊತೆ, ಎಲ್ಲಿ ಕೂತರೆ ಮನಸ್ಸು ಬೇರೆ ಕಡೆ ಹೋಗುತ್ತದೆ? ಸಹಾಯ ಕೇಳಬಹುದಾದವರು ಯಾರು? ಯಾವ ಡಾಕ್ಟರು, ಯಾವ ನಂಬರು? ಕೊನೆಯದು, ಕೈಗೆಟಕುವ ಅಪಾಯದ ವಸ್ತುಗಳನ್ನು ದೂರ ಇಡುವುದು. ಆ ಗಳಿಗೆ ಬಂದಂತೆಯೇ ಹೋಗುತ್ತದೆ. ಅದು ಹೋಗುವವರೆಗೆ ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುತ್ತದೆ. ಆದ್ದರಿಂದ ಒಕ್ಕಲುತನದ ಮನೆಯವರಿಗೆ, ಹೊಲಕ್ಕೆ ಹೊಡೆಯುವ ಔಷಧ ಕೆಲವು ತಿಂಗಳು ಮನೆಯಲ್ಲೇ ಇರದಂತೆ ನೋಡಿಕೊಳ್ಳಿ ಎಂದು ಹೇಳುತ್ತೇನೆ. ಸಹಾಯ ಕೇಳುವವರ ಸಾಲಿನಲ್ಲಿ ಮಕ್ಕಳು ಮೊದಲು ಬರೆಯುವ ಹೆಸರು ಅಪ್ಪ ಅಮ್ಮನದಲ್ಲ. ಅಜ್ಜಿ, ಚಿಕ್ಕಮ್ಮ, ಮೆಸ್ಸಿನ ಅಕ್ಕ. ಒಬ್ಬ ತನ್ನ ಎತ್ತಿನ ಹೆಸರು ಬರೆದ. ಫೋನ್ ಮಾಡಲಾಗದು ನಿಜ, ಮೂರನೇ ಮೆಟ್ಟಿಲಿಗೆ ಬರೆದುಕೊಂಡೆವು.

ಮನೆಯವರಿಗೆ ತಿಳಿಸಿದಾಗ ಮೊದಲ ಹೆದರಿಕೆ ಪೊಲೀಸಿನದು. ‘ಕೇಸ್ ಆಗುತ್ತಾ?’ ಭಾರತೀಯ ದಂಡ ಸಂಹಿತೆಯ 309ನೇ ಕಲಂ ಆತ್ಮಹತ್ಯೆಯ ಯತ್ನವನ್ನು ಅಪರಾಧ ಎಂದಿತ್ತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ, ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷಿಸಬಾರದು ಎಂದಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ 309ನ್ನೇ ಕೈಬಿಟ್ಟಿತು. ಆಸ್ಪತ್ರೆಗೆ ಕರೆದೊಯ್ಯಲು ಹಿಂಜರಿಯುವ ಕುಟುಂಬಗಳಿಗೆ ಇದಿನ್ನೂ ತಲುಪಿಲ್ಲ.

‘ಯಾರಿಗೂ ಹೇಳಬಾರದು’

ಈ ಉದ್ಯೋಗದ ಬಂಡವಾಳ ಗುಟ್ಟು. ಸಣ್ಣ ಊರಲ್ಲಿ ಅದನ್ನು ಕಾಯುವುದು ಎಷ್ಟು ಕಷ್ಟ ಎಂದು ಪಠ್ಯಪುಸ್ತಕ ಬರೆದವರಿಗೆ ಗೊತ್ತಿದ್ದಂತಿಲ್ಲ. ಹುಡುಗಿಯ ಮಾವ ನಮ್ಮ ಕಾಲೇಜಿನ ಅಟೆಂಡರು. ಹುಡುಗನ ತಾಯಿ ನಾನು ತರಕಾರಿ ಕೊಳ್ಳುವ ಅಂಗಡಿಯವರು. ಸಂತೆಯಲ್ಲಿ ಸಿಕ್ಕಾಗ ನಾನು ಮೊದಲು ನಗುವುದಿಲ್ಲ. ಮಕ್ಕಳು ನಕ್ಕರೆ ನಗುತ್ತೇನೆ, ಮುಖ ತಿರುಗಿಸಿದರೆ ಟೊಮೆಟೊ ಆರಿಸುತ್ತೇನೆ.

ಆದರೆ ಪೂರ್ತಿ ಗುಟ್ಟು ಎಂಬುದಿಲ್ಲ, ಅದನ್ನು ಮೊದಲ ಐದು ನಿಮಿಷದಲ್ಲೇ ಹೇಳಬೇಕು. ನಿನ್ನ ಜೀವಕ್ಕೆ ಅಪಾಯ ಇದ್ದರೆ, ಬೇರೆಯವರ ಜೀವಕ್ಕೆ ಅಪಾಯ ಇದ್ದರೆ, ಹದಿನೆಂಟಾಗದವರ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದ್ದರೆ ನಾನು ಸುಮ್ಮನಿರುವಂತಿಲ್ಲ. ಮೂರನೆಯದು ಪಿಯುಸಿ ಇರುವ ಕಾಲೇಜಿನಲ್ಲಿ ನಿತ್ಯದ ಸಂಕಟ. 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ವಿಷಯ ಗೊತ್ತಾದವರು ತಿಳಿಸಲೇಬೇಕು. ತಿಳಿಸದಿದ್ದರೆ ಶಿಕ್ಷೆ ಇದೆ. ಸಂಬಂಧಿಯೊಬ್ಬ ಹಿಂಸಿಸಿದ ಪ್ರಕರಣದಲ್ಲಿ ಆ ಕಲಂ ದೊಡ್ಡ ಬಲ. ಹದಿನೇಳರ ಹುಡುಗಿ, ಹದಿನೆಂಟು ತುಂಬಿದ ಸಹಪಾಠಿ, ಇಬ್ಬರೂ ಇಷ್ಟಪಟ್ಟದ್ದು ಎಂದಾಗ? ಕಾನೂನು ಅಲ್ಲಿ ವ್ಯತ್ಯಾಸ ಮಾಡುವುದಿಲ್ಲ. ಮಿತಿಗಳನ್ನು ಹೇಳಿದ ಮೇಲೆ ‘ಹಂಗಾದ್ರೆ ಬೇಡ ಬಿಡಿ’ ಎಂದು ಎದ್ದುಹೋದವರಿದ್ದಾರೆ. ಎದ್ದುಹೋದವಳು ಏನು ಹೇಳಲಿದ್ದಳು ಎಂಬುದು ರಾತ್ರಿ ಕಾಡುತ್ತದೆ. ಹಾಗಂತ ಹೇಳದೇ ಬಾಯಿಬಿಡಿಸಿ, ಆಮೇಲೆ ದೂರು ಕೊಡುವುದು ಇನ್ನೂ ದೊಡ್ಡ ದ್ರೋಹ. ಇದಕ್ಕೆ ನನ್ನ ಬಳಿ ಸುಲಭದ ಉತ್ತರವಿಲ್ಲ.

ಇನ್ನು, ಎಲ್ಲವೂ ಮಾತಿನಿಂದ ವಾಸಿಯಾಗುವುದಲ್ಲ ಎಂದು ಒಪ್ಪಿಕೊಳ್ಳುವುದು ನಮ್ಮ ಕೆಲಸದ ಕಷ್ಟದ ಭಾಗ. ಬದುಕಿನಲ್ಲಿ ಬರುವ ಮಾನಸಿಕ ಕಾಯಿಲೆಗಳಲ್ಲಿ ಮುಕ್ಕಾಲು ಪಾಲು ಇಪ್ಪತ್ನಾಲ್ಕರೊಳಗೇ ತಲೆದೋರುತ್ತವೆ. ಅಂದರೆ ನಮ್ಮ ಬೆಂಚುಗಳ ಮೇಲೆ. ಚೆನ್ನಾಗಿ ಓದುತ್ತಿದ್ದ ಬಿಎಸ್ಸಿ ಹುಡುಗ ಸ್ನಾನ ಬಿಟ್ಟ, ರಾತ್ರಿ ಎದ್ದು ಓಡಾಡತೊಡಗಿದ, ಮೊಬೈಲಿನೊಳಗಿಂದ ತನ್ನನ್ನು ಬೈಯುತ್ತಿದ್ದಾರೆ ಅಂದ. ಗೆಳೆಯರು ಲವ್ ಫೇಲ್ಯೂರ್ ಅಂದರು, ಮನೆಯವರು ಗಾಳಿ ಸೋಕಿದೆ ಎಂದು ದೇವಸ್ಥಾನಕ್ಕೆ ಕರೆದೊಯ್ದರು. ದೇವಸ್ಥಾನಕ್ಕೆ ಹೋಗಬೇಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಸೋಮವಾರ ಹರಕೆ ತೀರಿಸಿ, ಮಂಗಳವಾರ ಡಾಕ್ಟರ ಹತ್ತಿರ ಬನ್ನಿ ಅನ್ನುತ್ತೇನೆ. ಮಂಗಳವಾರ ಎನ್ನಲು ಕಾರಣವಿದೆ. ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ‘ಮನೋಚೈತನ್ಯ’ ಕಾರ್ಯಕ್ರಮವನ್ನು ರಾಜ್ಯ ಸರ್ಕಾರ 2014ರಲ್ಲಿ ಶುರು ಮಾಡಿದಾಗ ಅದಕ್ಕೆ ಗೊತ್ತುಮಾಡಿದ್ದು ಮಂಗಳವಾರವನ್ನೇ. ಜಿಲ್ಲಾಸ್ಪತ್ರೆಯಲ್ಲೂ ಮನೋವೈದ್ಯರಿರುತ್ತಾರೆ. ಆ ಹುಡುಗನಿಗೆ ಬೇಕಾದದ್ದು ನನ್ನ ಐವತ್ತು ನಿಮಿಷದ ಮಾತಲ್ಲ, ಮಾತ್ರೆ. ಅದನ್ನು ಗುರುತಿಸದೆ ತಿಂಗಳುಗಟ್ಟಲೆ ‘ಮನಸ್ಸು ಗಟ್ಟಿ ಮಾಡ್ಕೋ’ ಎನ್ನುತ್ತಾ ಕೂರುವ ಸಮಾಲೋಚಕರು ಅಪಾಯಕಾರಿ. ಖಿನ್ನತೆಯ ಮಾತ್ರೆ ಕೂಡ ಕೆಲಸ ಮಾಡಲು ಎರಡರಿಂದ ನಾಲ್ಕು ವಾರ ಬೇಕು. ವಾರಕ್ಕೇ ‘ಗುಣ ಕಾಣ್ಲಿಲ್ಲ’ ಎಂದೋ, ಎರಡು ತಿಂಗಳಿಗೆ ‘ಹುಷಾರಾದ’ ಎಂದೋ ನಿಲ್ಲಿಸಿಬಿಡುವವರನ್ನು ಹಿಡಿದು ನಿಲ್ಲಿಸುವುದೂ ನನ್ನ ಪಾಲಿಗೆ ಬರುತ್ತದೆ.

ಮನೋವೈದ್ಯರ ಹೆಸರೆತ್ತಿದರೆ ಮುಖ ಕಪ್ಪಿಡುತ್ತದೆ. ನಮ್ಮ ಕಡೆ ‘ಧಾರವಾಡಕ್ಕೆ ಕಳಿಸ್ಬೇಕು ಇವನ್ನ’ ಎನ್ನುವುದು ಬೈಗುಳ; ಬೆಂಗಳೂರು ಸೀಮೆಯಲ್ಲಿ ಅದೇ ಜಾಗಕ್ಕೆ ನಿಮ್ಹಾನ್ಸ್ ಬರುತ್ತದೆ. ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಈ ಎರಡೂ ಊರುಗಳಲ್ಲಿ ಹುಚ್ಚಾಸ್ಪತ್ರೆ ಎಂಬ ಹೆಸರಿನಲ್ಲಿ ಶುರುವಾದ ಸಂಸ್ಥೆಗಳು ಇಂದು ದೇಶಕ್ಕೆ ಮನೋವೈದ್ಯರನ್ನು ತಯಾರು ಮಾಡುತ್ತಿವೆ, ಬೈಗುಳ ಮಾತ್ರ ಹಾಗೇ ಇದೆ. ತ್ರಿವೇಣಿಯವರ ‘ಶರಪಂಜರ’ವನ್ನು ಪುಟ್ಟಣ್ಣ ಕಣಗಾಲ್ ಸಿನಿಮಾ ಮಾಡಿದ್ದು 1971ರಲ್ಲಿ. ಚಿಕಿತ್ಸೆ ಮುಗಿಸಿ ವಾಸಿಯಾಗಿ ಮನೆಗೆ ಬಂದ ಕಾವೇರಿಯನ್ನು ಮತ್ತೆ ಹುಚ್ಚಿಗೆ ತಳ್ಳುವುದು ರೋಗವಲ್ಲ, ಸುತ್ತಲಿನ ಕಣ್ಣುಗಳು. ನೋಡಿ ಅತ್ತ ಹೆಂಗಸರ ಮೊಮ್ಮಕ್ಕಳು ಈಗ ನನ್ನ ಎದುರಿಗೆ ಕೂರುತ್ತಾರೆ. ಅದೇ ನಾಡಿನಲ್ಲಿ ‘ಕೊರವಂಜಿ’ ಹಾಸ್ಯಪತ್ರಿಕೆಯ ರಾಶಿ, ಅಂದರೆ ಡಾಕ್ಟರ್ ಎಂ. ಶಿವರಾಂ ಬರೆದ ‘ಮನಮಂಥನ’ ಎಂಬ ಮನೋವೈದ್ಯಕೀಯ ಪುಸ್ತಕಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಡಾ. ಸಿ.ಆರ್. ಚಂದ್ರಶೇಖರ್ ಅವರು ಮನಸ್ಸಿನ ಕಾಯಿಲೆಗಳ ಬಗ್ಗೆ ಸರಳ ಕನ್ನಡದಲ್ಲಿ ಬರೆದ ಪುಸ್ತಕಗಳು ನೂರಕ್ಕೂ ಹೆಚ್ಚು. ಓದಲು ಕನ್ನಡದಲ್ಲಿ ಕೊರತೆಯಿಲ್ಲ. ಆದರೂ ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ, ಬೇರೆ ಬೇರೆ ಕಾಯಿಲೆಗಳಲ್ಲಿ ಶೇ 70ರಿಂದ 92ರಷ್ಟು ಜನ ಚಿಕಿತ್ಸೆಯಿಂದ ಹೊರಗೇ ಉಳಿದಿದ್ದಾರೆ ಎಂದಿತು.

ಕನಿಷ್ಠ ಒಬ್ಬರು

2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ಹದಿನೈದು ಮಾರ್ಗಸೂಚಿಗಳನ್ನು ಕೊಟ್ಟಿತು. ವಿಶಾಖಪಟ್ಟಣದಲ್ಲಿ ನೀಟ್‌ಗೆ ಓದುತ್ತಿದ್ದ ಹದಿನೇಳರ ಹುಡುಗಿಯೊಬ್ಬಳ ಸಾವಿನ ಪ್ರಕರಣ ಅದು. 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ಹೋದರು ಎಂಬ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕ ನ್ಯಾಯಾಲಯದ ಮುಂದಿತ್ತು. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಸಂಸ್ಥೆಯಲ್ಲೂ ಕನಿಷ್ಠ ಒಬ್ಬ ಅರ್ಹ ಸಮಾಲೋಚಕರೋ ಮನಶ್ಶಾಸ್ತ್ರಜ್ಞರೋ ಸಮಾಜ ಕಾರ್ಯಕರ್ತರೋ ಇರಬೇಕು. ಅಂಕಗಳ ಮೇಲೆ ಮಕ್ಕಳನ್ನು ಬೇರೆ ಬೇರೆ ಬ್ಯಾಚು ಮಾಡಬಾರದು. ಸಿಬ್ಬಂದಿಗೆ ವರ್ಷಕ್ಕೆರಡು ಸಲ ತರಬೇತಿ ಆಗಬೇಕು. ಸಹಾಯವಾಣಿ ನಂಬರು ಹಾಸ್ಟೆಲಿನಲ್ಲಿ, ತರಗತಿಯಲ್ಲಿ ಕಾಣುವಂತಿರಬೇಕು. ಕಾನೂನು ಬರುವವರೆಗೆ ಇವೇ ಕಾನೂನು.

ಒಳ್ಳೆಯದೇ. ಆದರೆ ನಮ್ಮಲ್ಲಿ ‘ಕನಿಷ್ಠ ಒಬ್ಬರು’ ಎಂಬುದು ಬಹಳ ಬೇಗ ‘ಗರಿಷ್ಠ ಒಬ್ಬರು’ ಆಗುತ್ತದೆ. ಅಮೆರಿಕದಲ್ಲಿ ಕಾಲೇಜು ಸಮಾಲೋಚನಾ ಕೇಂದ್ರಗಳಿಗೆ ಮಾನ್ಯತೆ ಕೊಡುವ ಸಂಸ್ಥೆ ಸಾವಿರದಿಂದ ಸಾವಿರದೈನೂರು ವಿದ್ಯಾರ್ಥಿಗಳಿಗೆ ಒಬ್ಬರಿರಲಿ ಎನ್ನುತ್ತದೆ. ದಿನಕ್ಕೆ ಐವರನ್ನು ಚೆನ್ನಾಗಿ ನೋಡಬಹುದು, ಆರನೆಯವರಿಗೆ ನನ್ನ ಕಿವಿ ಮಾತ್ರ ಇರುತ್ತದೆ, ನಾನಿರುವುದಿಲ್ಲ. ಹಳ್ಳಿಯ ಹುಡುಗಿಯರು ಮೂರೂವರೆಯ ಬಸ್ಸಿಗೆ ಓಡಬೇಕು; ಊಟದ ಬಿಡುವೇ ನಮ್ಮ ಹೊತ್ತು. ನೇಮಕವೋ, ಬಹಳ ಕಡೆ ಹತ್ತು ತಿಂಗಳ ಗುತ್ತಿಗೆ. ಏಪ್ರಿಲ್‌ನಲ್ಲಿ ಪಿಯು ಫಲಿತಾಂಶ ಬಂದಾಗ, ಅಂದರೆ ಮಕ್ಕಳಿಗೆ ಅತಿ ಬೇಕಾದಾಗ, ನಮ್ಮ ಗುತ್ತಿಗೆ ಮುಗಿದಿರುತ್ತದೆ.

ಅದಕ್ಕಿಂತ ಕೆಟ್ಟದ್ದು, ನಮ್ಮನ್ನು ಶಿಸ್ತು ಸಮಿತಿಗೆ ಸೇರಿಸುವುದು. ‘ಮೊಬೈಲ್ ಹಿಡಿದುಕೊಂಡಿದ್ದ, ಕೌನ್ಸೆಲಿಂಗ್ ಕೊಡಿ’ ಎಂದು ಹುಡುಗನ ತೋಳು ಹಿಡಿದು ತರುತ್ತಾರೆ, ಬೆತ್ತದ ಬದಲು ನಾನು. ಹೀಗೆ ಕಳಿಸಲ್ಪಟ್ಟವನನ್ನು ಕಂಡ ಹತ್ತು ಮಂದಿ ತಾವಾಗಿ ಬರುವುದನ್ನು ಬಿಡುತ್ತಾರೆ. ನಾನು ಹಿಂದೆ ಇದ್ದ ಒಂದು ಕಾಲೇಜಿನಲ್ಲಿ, ಕಾಲೇಜುಗಳಿಗೆ ಗ್ರೇಡ್ ಕೊಡುವ ನ್ಯಾಕ್ ತಂಡ ಬರುವ ವರ್ಷ ‘ಸಮಾಲೋಚನೆ ನಡೆಯುತ್ತಿರುವ ಜಿಯೋಟ್ಯಾಗ್ ಫೋಟೋ’ ಕೇಳಿದರು, ಜೊತೆಗೆ ವಿದ್ಯಾರ್ಥಿಗಳ ಹೆಸರು, ಸಮಸ್ಯೆ, ಸಹಿ ಇರುವ ರಿಜಿಸ್ಟರು. ಕೊಡುವುದಿಲ್ಲ ಅಂದೆ. ಕೊನೆಗೆ ಖಾಲಿ ಕುರ್ಚಿಗಳ ಫೋಟೋ ತೆಗೆದು ಕೊಟ್ಟೆ. ಮುಂದಿನ ವರ್ಷ ಗುತ್ತಿಗೆ ನವೀಕರಣ ಆಗಲಿಲ್ಲ. ಸಂಬಂಧ ಇದೆಯೋ ಇಲ್ಲವೋ, ಓದುಗರೇ ಊಹಿಸಿ.

ಇಷ್ಟೆಲ್ಲ ಮಾಡಿಯೂ ಕೈತಪ್ಪುವವರಿದ್ದಾರೆ. ನಾವು ಕಳೆದುಕೊಂಡ ಒಬ್ಬ ಹುಡುಗ ನನ್ನ ಕೋಣೆಗೆ ಎಂದೂ ಬಂದವನಲ್ಲ. ಆಮೇಲಿನ ವಾರ ಅವನ ಬೆಂಚಿನವರು ಬಂದು ಕುರ್ಚಿ ಬಿಟ್ಟು ನೆಲದ ಮೇಲೆ ಕೂತರು. ಹಿಂದಿನ ದಿನ ಅವನ ಜೊತೆ ಗೋಬಿ ತಿಂದವನು ‘ನಂಗೊತ್ತಾಗ್ಲೇ ಇಲ್ಲ’ ಎಂದಷ್ಟೇ ಹೇಳುತ್ತಿದ್ದ. ನಾನೂ ಅಂದು ಕುರ್ಚಿಯಲ್ಲಿ ಕೂರಲಿಲ್ಲ. ನಮ್ಮಂಥವರೂ ಇನ್ನೊಬ್ಬ ಹಿರಿಯ ಸಮಾಲೋಚಕರ ಮುಂದೆ ಕೂತು ಮಾತಾಡಬೇಕು. ನಾನು ತಿಂಗಳಿಗೊಮ್ಮೆ ಸ್ವಂತ ದುಡ್ಡಿನಲ್ಲಿ ಬಸ್ಸು ಹತ್ತಿ ಹೋಗುತ್ತೇನೆ. ಅವರು ನನ್ನನ್ನು ಕೇಳುವ ಮೊದಲ ಪ್ರಶ್ನೆಯೂ ಅದೇ, ಯಾವ ಬೇಜಾರು?

ಇದನ್ನು ಓದುತ್ತಿರುವ ಪ್ರಾಂಶುಪಾಲರು ಯಾರಾದರೂ ಇದ್ದರೆ ಮೂರು ಮನವಿ. ಸಮಾಲೋಚಕರ ಬಾಗಿಲ ಕಡೆಗೆ ತಿರುಗಿರುವ ಸಿಸಿ ಕ್ಯಾಮೆರಾವನ್ನು ಬೇರೆ ಕಡೆಗೆ ತಿರುಗಿಸಿ. ಅವರ ಹೆಸರನ್ನು ಶಿಸ್ತು ಸಮಿತಿಯಿಂದ ತೆಗೆಯಿರಿ. ಮತ್ತು 14416 ಎಂಬ ನಂಬರನ್ನು ನೋಟಿಸ್ ಬೋರ್ಡಿನ ಗಾಜಿನ ಹಿಂದೆ ಬೀಗ ಹಾಕಿ ಇಡದೆ, ಹಾಸ್ಟೆಲಿನ ಬಾತ್‌ರೂಮಿನ ಬಾಗಿಲ ಒಳಬದಿಗೆ ಅಂಟಿಸಿ. ಅದು ಟೆಲಿ ಮನಸ್, ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಸಹಾಯವಾಣಿ. ದಿನದ ಇಪ್ಪತ್ನಾಲ್ಕು ಗಂಟೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.